ಆರದ ಭಟ್ಟಿ

ಕಾರ್ಖಾನೆಯ ಹಿಂದಿನ ಮನೆ,
ಊಟದ ಮೇಜಿನಿಂದ,
ಜನವರಿ ಹನ್ನೊಂದು, ಮಧ್ಯಾಹ್ನ

ಪ್ರೀತಿಯ ದೊರೆ,

ಹೇಗಿದ್ದೀಯಪ್ಪಾ? ಹೊಟ್ಟೆಯ ಉರಿ ಕಡಿಮೆಯಾಯಿತಾ? ನಿನ್ನ ಮಾತ್ರೆಯ ಡಬ್ಬಿ ಇಲ್ಲೇ ಕನ್ನಡಿಯ ಮುಂದೆ ಉಳಿದಿದೆ. ಹೇಳದೆ ಕೇಳದೆ ಮನೆ ಬಿಟ್ಟು ಹೋಗುವ ಮನುಷ್ಯ ಮಾತ್ರೆಯನ್ನಾದರೂ ಜೇಬಿಗೆ ಹಾಕಿಕೊಳ್ಳಬಾರದಿತ್ತೇ? ಅಕ್ಕನಿಗೆ ಹೇಳಿ ಅಲ್ಲೇ ತರಿಸಿಕೋ. ಅವಳ ಮೇಲೆ ರೇಗಬೇಡ. ನೀನು ಅವಳ ಮನೆಯಲ್ಲಿದ್ದೀಯ ಎಂಬುದನ್ನು ಅವಳಾಗಿ ಹೇಳಲಿಲ್ಲ. ನಾನು ಫೋನಿನಲ್ಲಿ ಮೊದಲು ಅತ್ತು ನೋಡಿದೆ, ಬಗ್ಗಲಿಲ್ಲ. ಆಮೇಲೆ ಚೆನ್ನಾಗಿ ಬೈದೆ, ಆಗ ಬಾಯಿ ಬಿಟ್ಟಳು. ಚಿಕ್ಕಂದಿನಿಂದಲೂ ಅವಳ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ, ನಿನ್ನ ಹೊಟ್ಟೆಯಿಂದ ಗುಟ್ಟು ಹೊರಗೆ ಬರುವುದಿಲ್ಲ. ಇಬ್ಬರನ್ನೂ ಹೆತ್ತವಳು ನಾನೇ ಎಂದು ಕೆಲವು ಸಲ ನಂಬುವುದೇ ಕಷ್ಟ.

ನಾನು ಚೆನ್ನಾಗಿದ್ದೇನೆ. ಮಂಡಿ ಎಂದಿನಂತೆ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನಿನ್ನ ಹೆಂಡತಿಯೂ ಆರೋಗ್ಯವಾಗಿದ್ದಾಳೆ, ಮಾತು ಮಾತ್ರ ಕಡಿಮೆ ಮಾಡಿದ್ದಾಳೆ. ಗೇಟಿನ ಸದ್ದಾದಾಗಲೆಲ್ಲ ಇಬ್ಬರೂ ಒಟ್ಟಿಗೆ ತಲೆಯೆತ್ತುತ್ತೇವೆ, ಆಮೇಲೆ ಒಬ್ಬರ ಮುಖ ಒಬ್ಬರು ನೋಡದೆ ಕೆಲಸಕ್ಕೆ ಮರಳುತ್ತೇವೆ. ನೀನು ಫೋನು ಎತ್ತುವುದಿಲ್ಲ. ಅಕ್ಕ ಕೈಗೆ ಕೊಟ್ಟರೂ ಕಿವಿಗಿಟ್ಟುಕೊಂಡು ಉಸಿರಾಡುತ್ತೀಯೇ ಹೊರತು ಮಾತಾಡುವುದಿಲ್ಲ. ಅದಕ್ಕೇ ಈ ಕಾಗದ. ಇದಕ್ಕೆ ನೀನು ಹೂಂಗುಟ್ಟಬೇಕಾಗಿಲ್ಲ, ನನ್ನ ಮಾತನ್ನು ನಡುವೆ ತಡೆಯುವುದಕ್ಕೂ ಆಗುವುದಿಲ್ಲ. ನನಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ಅಕ್ಕ ಇನ್ನೊಂದು ಸಂಗತಿ ಹೇಳಿದಳು. ಈ ಚಳಿಯಲ್ಲೂ ನೀನು ಫ್ಯಾನು ಹಾಕಿಕೊಂಡೇ ಮಲಗುತ್ತೀಯಂತೆ, ಯಾರಾದರೂ ಆರಿಸಿದರೆ ಎದ್ದು ಕೂರುತ್ತೀಯಂತೆ. "ಇವನಿಗೇನಾಗಿದೆಯಮ್ಮಾ?" ಎಂದು ಅವಳು ಕೇಳಿದಳು. ಮದುವೆಯಾಗಿ ಹೋಗಿ ಅವಳು ಈ ಮನೆಯ ಸದ್ದನ್ನು ಮರೆತಿದ್ದಾಳೆ. ನನಗೆ ಕೇಳಿದ ತಕ್ಷಣ ಅರ್ಥವಾಯಿತು. ಹಾಸ್ಟೆಲ್ಲಿಗೆ ಸೇರಿದ ಹೊಸದರಲ್ಲಿ ನೀನು ಫೋನು ಮಾಡಿ, "ಅಮ್ಮಾ, ಇಲ್ಲಿ ಏನೂ ಸದ್ದೇ ಇಲ್ಲ, ನಿದ್ದೆ ಬರ್ತಿಲ್ಲ" ಎಂದಿದ್ದೆಯಲ್ಲ. ನೀನು ಹುಟ್ಟಿದ ವಾರವೇ ನಿಮ್ಮಪ್ಪ ನಮ್ಮ ಸೀಸೆ ಕಾರ್ಖಾನೆಯ ಮೊದಲ ಭಟ್ಟಿಗೆ ಬೆಂಕಿ ಕೊಟ್ಟದ್ದು. ಆವತ್ತಿನಿಂದ ಅದರ ಗುಂಯ್ ಎನ್ನುವ ಸದ್ದು ಈ ಮನೆಯ ಗೋಡೆಯೊಳಗೆ ಸೇರಿಕೊಂಡಿದೆ. ಈಗ ನಾನು ಬರೆಯುತ್ತಿರುವಾಗಲೂ ಕಪಾಟಿನ ಗಾಜಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿವೆ. ಮೊದಲೆಲ್ಲ ಅದು ನನಗೆ ಮಗು ಗೆಜ್ಜೆ ಕಟ್ಟಿಕೊಂಡು ಓಡಾಡಿದ ಹಾಗೆ ಕೇಳುತ್ತಿತ್ತು. ನೀನು ಹೋದಂದಿನಿಂದ ಯಾರೋ ಚಳಿಗೆ ಹಲ್ಲು ಕಡಿಯುತ್ತಿದ್ದಾರೆ ಅನ್ನಿಸುತ್ತದೆ. ಎರಡು ಸಲ ಎದ್ದು ಹೋಗಿ ಲೋಟಗಳ ನಡುವೆ ಬಟ್ಟೆ ತುರುಕಿದೆ. ಆದರೂ ಕೇಳುತ್ತದೆ.

ಬೆಂಕಿ ದಾಟಿಸಿದ ಆ ಕಬ್ಬಿಣದ ಬಾಣಲೆ ಇನ್ನೂ ಹಿತ್ತಿಲ ಗೋಡೆಗೆ ಒರಗಿಕೊಂಡಿದೆ, ನಿನ್ನೆ ಅದರ ಮುಂದೆ ನಿಂತಿದ್ದೆ. ಗಾಜಿನ ಭಟ್ಟಿ ಹತ್ತು ಹನ್ನೆರಡು ವರ್ಷಕ್ಕೆ ಒಳಗಿನ ಇಟ್ಟಿಗೆ ಸವೆದು ಮುದಿಯಾಗುತ್ತದೆ. ಬೇರೆಯವರಾದರೆ ಎರಡು ತಿಂಗಳು ಕೆಲಸ ನಿಲ್ಲಿಸಿ, ಬೆಂಕಿ ಆರಿಸಿ, ಇಟ್ಟಿಗೆ ಬದಲಾಯಿಸಿ ಮತ್ತೆ ಹಚ್ಚುತ್ತಾರೆ. ನಿಮ್ಮಪ್ಪನಿಗೆ ಅದು ಆಗದು. ಹಳೆಯದರ ಪಕ್ಕದಲ್ಲೇ ಹೊಸದನ್ನು ಕಟ್ಟಿಸಿ, ಹಳೆಯದರ ಬೆಂಕಿಯಲ್ಲಿ ಹೊತ್ತಿಸಿದ ಕೆಂಡವನ್ನು ಆ ಬಾಣಲೆಯಲ್ಲಿ ಹೊತ್ತು ತಂದು ಹೊಸದಕ್ಕೆ ಮುಟ್ಟಿಸಿ, ಆಮೇಲೆಯೇ ಹಳೆಯದನ್ನು ಆರಿಸಬೇಕು. "ನಮ್ಮ ಬೆಂಕಿ ಆರಿದ್ದೇ ಇಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು, ಬಂದವರು ತಲೆದೂಗುತ್ತಿದ್ದರು, ಬ್ಯಾಂಕಿನವರೂ ಸೇರಿ. ಮೊದಲ ಸಲ ಹಾಗೆ ಬೆಂಕಿ ದಾಟಿಸಿದಾಗ ಬಾಣಲೆಯ ಒಂದು ಹಿಡಿ ಅವರ ಕೈಯಲ್ಲಿ, ಇನ್ನೊಂದು ನಿನ್ನ ಕೈಯಲ್ಲಿ. ನಿನಗೆ ಇನ್ನೂ ಮೀಸೆ ಮೂಡಿರಲಿಲ್ಲ. ಸುತ್ತಿದ್ದ ಗೋಣಿಯನ್ನೂ ದಾಟಿ ಕಾವು ಬಂದು ನಿನ್ನ ಅಂಗೈ ಬೊಬ್ಬೆ ಎದ್ದಿತ್ತು. "ಬಿಡಬೇಡ, ಬಿಡಬೇಡ" ಎಂದು ಅವರು ಕೂಗುತ್ತಿದ್ದರು. ನಾನು ರಾತ್ರಿ ಬೆಣ್ಣೆ ಹಚ್ಚುವಾಗ ನೀನು ಅಳಲಿಲ್ಲ, ಬಿಡಲಿಲ್ಲವಲ್ಲ ಎಂಬ ಜಂಬದಲ್ಲಿ ಕೈ ಮುಂದೆ ಚಾಚಿಕೊಂಡೇ ಮಲಗಿದೆ. ಅವರು ಹೋಗಿ ಇಷ್ಟು ವರ್ಷವಾದರೂ ಆ "ಬಿಡಬೇಡ" ಈ ಮನೆಯಿಂದ ಹೋಗಿಲ್ಲ ಕಣೋ. ಬಾಗಿಲ ಸಂದಿಯಲ್ಲಿ, ನಿನ್ನ ಹೊಟ್ಟೆಯಲ್ಲಿ, ಎಲ್ಲ ಕಡೆ ಅದೇ ಇದೆ.

ನಿಮ್ಮಪ್ಪನ ಕುರ್ಚಿಯ ವಿಷಯ ನಾವು ಯಾರೂ ಬಾಯಿಬಿಟ್ಟು ಆಡಿಲ್ಲ. ಇವತ್ತು ಆಡುತ್ತೇನೆ. ಕಂಪನಿ ಎಂದ ಮೇಲೆ ನಿರ್ದೇಶಕರ ಸಭೆ ಆಗಬೇಕು, ನಿರ್ದೇಶಕರು ಒಬ್ಬರೇ ಇದ್ದರೆ ಸಾಲದು ಎಂದು ನೀನು ನನ್ನನ್ನೂ ಸೇರಿಸಿಕೊಂಡೆ. ಸಭೆ ಎಂದರೆ ಇದೇ ಮೇಜು, ನೀನು, ನಾನು, ನನ್ನ ಕನ್ನಡಕ, ಪೆನ್ಸಿಲಿನಲ್ಲಿ ಗುರುತು ಮಾಡಿದ ಕಡೆ ನನ್ನ ಸಹಿ. ಮತ್ತೆ ಆ ತುದಿಯಲ್ಲಿ ಖಾಲಿ ಕುರ್ಚಿ. ಮೂರು ವರ್ಷದ ಹಿಂದೆ ಭಟ್ಟಿ ಮತ್ತೆ ಮುದಿಯಾದಾಗ ನೀನು ಒಳ್ಳೆಯ ಲೆಕ್ಕವನ್ನೇ ತಂದಿದ್ದೆ. ಎರಡು ತಿಂಗಳು ನಿಲ್ಲಿಸಿ ಇಟ್ಟಿಗೆ ಬದಲಿಸಿದರೆ ಕೈಯಲ್ಲಿದ್ದ ದುಡ್ಡೇ ಸಾಕಾಗುತ್ತಿತ್ತು. ಪಕ್ಕದ ಊರಿನ ಸೀಸೆ ವ್ಯಾಪಾರಿಯೂ ಅದೇ ವಾರ ಬಂದಿದ್ದ, ನಮ್ಮಲ್ಲಿ ಪಾಲು ಕೊಟ್ಟರೆ ಬಂಡವಾಳ ಹಾಕುತ್ತೇನೆ ಎಂದು. ನೀನು ಎರಡನ್ನೂ ಹೇಳಿ ಮುಗಿಸಿದೆ. ಆಮೇಲೆ ನಿನ್ನ ಕಣ್ಣು ಆ ಕುರ್ಚಿಯ ಕಡೆ ಹೋಯಿತು. "ಅಪ್ಪ ಒಪ್ತಿರಲಿಲ್ಲ" ಎಂದೆ. ನಾನೂ ಹೌದು ಎಂದೆ. ಸತ್ತವರ ಓಟಿಗೆ ನಾವಿಬ್ಬರೂ ಎದುರಾಡಲಿಲ್ಲ.

ಮುಂದಿನದನ್ನು ಬ್ಯಾಂಕಿನ ಮ್ಯಾನೇಜರು ನನಗೆ ಮೊನ್ನೆ ಕೂರಿಸಿಕೊಂಡು ವಿವರಿಸಿದರು. ನೀನು ಓದಿದ ಕಾಲೇಜಿನ ಭಾಷೆಯಲ್ಲಿ ಅದಕ್ಕೆ ಏನೇನೋ ಹೆಸರಿದೆಯಂತೆ, ನನಗೆ ಅರ್ಥವಾದದ್ದು ಇಷ್ಟು. ಬೆಂಕಿ ದಾಟಿಸಬೇಕಾದರೆ ಹೊಸ ಭಟ್ಟಿಯೇ ಬೇಕು. ಹತ್ತು ವರ್ಷ ದುಡಿಯುವ ಭಟ್ಟಿಗೆ ಹತ್ತು ವರ್ಷದ ಸಾಲವನ್ನು ನಮ್ಮಂಥ ಸಣ್ಣವರಿಗೆ ಇಲ್ಲಿ ಯಾರೂ ಕೊಡುವುದಿಲ್ಲ. ವರ್ಷಕ್ಕೊಮ್ಮೆ ತೀರಿಸಿ ಮತ್ತೆ ಕೇಳಬೇಕು, ಬಡ್ಡಿಯೋ ಉಸಿರು ಕಟ್ಟಿಸುವಂಥದು. ಹಾಗಾಗಿ ನೀನು ಬಡ್ಡಿ ಕಡಿಮೆ ಎಂದು ಹೊರದೇಶದವರ ಹತ್ತಿರ ಡಾಲರಿನಲ್ಲಿ ಸಾಲ ತಂದು ಈಗಿನ ದೊಡ್ಡ ಭಟ್ಟಿ ಕಟ್ಟಿಸಿದೆ. ಸೀಸೆ ಮಾರುವುದು ನಮ್ಮ ದುಡ್ಡಿಗೆ, ಸಾಲ ತೀರಿಸುವುದು ಅವರ ದುಡ್ಡಿನಲ್ಲಿ. ಡಾಲರಿನ ಎದುರು ನಮ್ಮ ರೂಪಾಯಿ ಬಿದ್ದುಹೋಯಿತು, ನಾವು ಒಂದು ಕಂತೂ ತಪ್ಪಿಸದೆ ಕಟ್ಟಿದರೂ ಸಾಲ ಮೊದಲಿಗಿಂತ ದೊಡ್ಡದಾಗಿ ಎದುರು ನಿಂತಿತು. ಇನ್ನು ನಮ್ಮ ಸೀಸೆ ಕೊಳ್ಳುವ ಔಷಧಿ ಕಂಪನಿಯವರು. ಅವರು ದೊಡ್ಡವರು, ದುಡ್ಡು ಕೊಡುವುದು ಆರು ತಿಂಗಳಿಗೆ. ಕೇಳಿದರೆ ಬೇರೆ ಕಡೆ ಕೊಳ್ಳುತ್ತೇವೆ ಎನ್ನುತ್ತಾರೆ. ಭಟ್ಟಿ ಉರಿಸುವ ಎಣ್ಣೆಯವನು ಮಾತ್ರ ಟ್ಯಾಂಕರು ಗೇಟಿನೊಳಗೆ ಬರುವ ಮೊದಲೇ ದುಡ್ಡು ಎಣಿಸಿಕೊಳ್ಳುತ್ತಾನೆ. ಕೊನೆಗೆ ಆ ಔಷಧಿಯವರು ಪ್ಲಾಸ್ಟಿಕ್ಕಿಗೆ ಹೋಗುತ್ತೇವೆ ಎಂದು ಅರ್ಧಕ್ಕಿಂತ ಹೆಚ್ಚು ಆರ್ಡರು ಕಿತ್ತುಕೊಂಡರಂತೆ. ಇಷ್ಟೆಲ್ಲ ಆಗುವಾಗ ನೀನು ದಿನಾ ನನ್ನ ಎದುರೇ ಕೂತು ತಿಂಡಿ ತಿನ್ನುತ್ತಿದ್ದೆ. "ಹೇಗಿದೆಯೋ ಕೆಲಸ?" ಎಂದರೆ "ನಡೀತಿದೆಯಮ್ಮಾ" ಎನ್ನುತ್ತಿದ್ದೆ. ನಡೆಯುತ್ತಿತ್ತು, ನಿಜ. ಯಾವ ಕಡೆಗೆ ಎಂದು ನಾನೂ ಕೇಳಲಿಲ್ಲ.

ಮಧ್ಯಾಹ್ನದ ಸದ್ದು ಶುರುವಾದದ್ದು ಆಗಲೇ ಇರಬೇಕು. ಊಟದ ಗಂಟೆಗೆ ಸ್ವಲ್ಪ ಮೊದಲು ಗೋದಾಮಿನ ಹಿಂದಿನಿಂದ ಗಾಜು ಒಡೆಯುವ ಸದ್ದು. ಒಂದೆರಡಲ್ಲ, ಆಕಾಶವೇ ಗಾಜಿನದಾಗಿದ್ದು ಕಳಚಿ ಬಿದ್ದ ಹಾಗೆ. ಮೊದಲ ದಿನ ಇದೇನೋ ಎಂದು ಕೇಳಿದೆ. ನೀನು, "ಓರೆಕೋರೆ ಆದ ಮಾಲು ಅಮ್ಮಾ, ಒಡೆದು ಕರಗಿಸ್ತಾರೆ" ಎಂದೆ. ದಿನಾ ಅಷ್ಟೊಂದು ಓರೆಕೋರೆ ಮಾಡುವ ಕೆಲಸಗಾರರು ನಮ್ಮಲ್ಲಿ ಯಾವಾಗ ಬಂದರು ಎಂದು ನಾನು ಗೊಣಗಿಕೊಂಡೆ, ಅಷ್ಟೇ. ನೀನು ಹೋದ ಮೇಲೆ ಭಟ್ಟಿಯ ಮೇಸ್ತ್ರಿಯನ್ನು ಕರೆಸಿ ಕೇಳಿದೆ. ನಿಮ್ಮಪ್ಪನ ಕಾಲದ ಮನುಷ್ಯ, ಸುಳ್ಳು ಹೇಳಲು ಬಾರದೆ ಟೋಪಿ ತಿರುಗಿಸುತ್ತ ನಿಂತ. ಒಳ್ಳೆಯ ಸೀಸೆಗಳೇ ಅಂತೆ. ಕೊಳ್ಳುವವರಿಲ್ಲ, ಮಾಡುವುದನ್ನು ನಿಲ್ಲಿಸಿದರೆ ಭಟ್ಟಿಯಲ್ಲಿ ಗಾಜು ಗಟ್ಟಿಯಾಗುತ್ತದೆ, ಗಾಜಿಗೆ ಬೇಕಾದ ಹೊಸ ಮರಳು, ಸೋಡಾ ಪುಡಿ ತರಲು ದುಡ್ಡಿಲ್ಲ. ಅದಕ್ಕೆ ಬೆಳಿಗ್ಗೆ ಮಾಡಿದ್ದನ್ನು ಮಧ್ಯಾಹ್ನ ಒಡೆದು, ಚೂರನ್ನು ಮತ್ತೆ ಭಟ್ಟಿಗೆ ಹಾಕಿ, ಮಾರನೆಯ ದಿನ ಅದನ್ನೇ ಸೀಸೆ ಮಾಡುವುದು. "ಭಟ್ಟಿಗೆ ಊಟ ಹಾಕ್ಬೇಕಲ್ಲಮ್ಮಾ, ಸಾಹೇಬ್ರು ಹೇಳಿದ್ರು" ಎಂದ. ಪ್ಯಾಕಿಂಗಿನ ಹೆಂಗಸರು ಬೆಳಿಗ್ಗೆ ಯಾವುದನ್ನು ಬೆಳಕಿಗೆ ಹಿಡಿದು, ಒರೆಸಿ, ಚೆನ್ನಾಗಿದೆ ಎಂದು ಇಡುತ್ತಿದ್ದರೋ ಅದನ್ನೇ ಮಧ್ಯಾಹ್ನ ಅವರ ಕೈಯಿಂದಲೇ ಗುಂಡಿಗೆ ಎಸೆಯಿಸುತ್ತಿದ್ದೆಯಂತೆ. ಅವರಲ್ಲಿ ಒಬ್ಬಳು ಈ ಕೆಲಸ ನನ್ನಿಂದಾಗದು ಎಂದು ಸಂಬಳವನ್ನೂ ಕೇಳದೆ ಹೋದಳಂತೆ. ಅದೇ ಗಾಜು ತಿಂಗಳುಗಟ್ಟಲೆ ಸೀಸೆಯಾಗಿ, ಚೂರಾಗಿ, ಮತ್ತೆ ಸೀಸೆಯಾಗಿ ಸುತ್ತುತ್ತಿದೆ. ಇದನ್ನು ಕೇಳಿದ ಮೇಲೆ ನಾನು ನೀರು ಕುಡಿಯುವುದು ಸ್ಟೀಲಿನ ಲೋಟದಲ್ಲಿ.

ಇನ್ನು ಗೋದಾಮು. ನೀನು "ಎಣ್ಣೆಯವನನ್ನ ನೋಡಿ ಬರ್ತೀನಿ" ಎಂದು ಅರ್ಧ ಲೋಟ ಚಹಾ ಬಿಟ್ಟು ಎದ್ದೆಯಲ್ಲ, ಅದರ ಮಾರನೆಯ ದಿನ ಬ್ಯಾಂಕಿನಿಂದ ಒಬ್ಬ ಯುವಕ ಸ್ಟಾಕು ನೋಡಲು ಬಂದ. ಅವನು ಬರುವ ವಿಷಯ ನಿನಗೆ ಗೊತ್ತಿತ್ತು ಎಂಬುದು ನನಗೆ ಈಗ ಗೊತ್ತು. ನಿರ್ದೇಶಕರು ಯಾರಾದರೂ ಜೊತೆಗಿರಬೇಕು ಎಂದ, ನಾನೇ ಕೋಲು ಹಿಡಿದು ಹೋದೆ. ಎದುರಿಗೆ ಚಾವಣಿಯವರೆಗೆ ರಟ್ಟಿನ ಪೆಟ್ಟಿಗೆಗಳು, ನನಗೆ ಹೆಮ್ಮೆಯೇ ಆಯಿತು. ಆ ಯುವಕ ಪಕ್ಕದ ಸಂದಿಯಲ್ಲಿ ನುಗ್ಗಿ ಹಿಂದಕ್ಕೆ ಹೋದ, ನಾನೂ ಸೆರಗು ಒತ್ತಿಕೊಂಡು ನುಗ್ಗಿದೆ. ಹಿಂದೆ ಏನೂ ಇರಲಿಲ್ಲ ದೊರೆ. ಎದುರಿನ ಒಂದು ಸಾಲು ಬಿಟ್ಟರೆ ಒಳಗೆಲ್ಲ ಬಯಲು. ಕಿಟಕಿಯಿಂದ ಬಿಸಿಲು ಬಿದ್ದು ಧೂಳು ಮಾತ್ರ ಆಡುತ್ತಿತ್ತು. ಎದುರಿನ ಸಾಲಿನ ಒಂದು ಪೆಟ್ಟಿಗೆಗೆ ನಾನು ಕೈ ಹಾಕಿದೆ, ಅದು ಒಂದೇ ಬೆರಳಿಗೆ ಮೇಲೆ ಬಂತು. ಅದೂ ಖಾಲಿ. ಆ ಯುವಕ ಮರ್ಯಾದಸ್ಥ. ದನಿ ಏರಿಸದೆ, "ಅಮ್ಮಾ, ಸೀಸೆ ಎಲ್ಲಿ?" ಎಂದು ಕೇಳಿದ. ಎಷ್ಟು ಸ್ಟಾಕಿದೆಯೋ ಅದರ ಮೇಲೆ ಬ್ಯಾಂಕು ಸಾಲ ಕೊಡುತ್ತದೆ ಎಂದೂ, ಒಡೆದು ಭಟ್ಟಿಗೆ ಹಾಕಿದ ಸೀಸೆಯನ್ನೆಲ್ಲ ಇದೆ ಎಂದು ತಿಂಗಳು ತಿಂಗಳು ಪಟ್ಟಿ ಹೋಗಿದೆ ಎಂದೂ, ಅದರ ಕೆಳಗಿನ ಸಹಿ ನನ್ನದು ಎಂದೂ ಅವನೇ ನನಗೆ ತಿಳಿಸಿಕೊಟ್ಟ. ನಾನು ಅಲ್ಲೇ ಒಂದು ಖಾಲಿ ಪೆಟ್ಟಿಗೆಯ ಮೇಲೆ ಕೂರಲು ಹೋದೆ, ಅದು ಕುಸಿಯಿತು. ಅವನು ಹಿಡಿದುಕೊಳ್ಳದಿದ್ದರೆ ಮಂಡಿಯ ಕಥೆ ಮುಗಿದಿರುತ್ತಿತ್ತು.

ನೀನು ಓಡಿಹೋದದ್ದು ಸಾಲಕ್ಕೆ ಹೆದರಿ ಅಲ್ಲ ಎಂದು ಆಗ ಗೊತ್ತಾಯಿತು. ಅಮ್ಮನ ಕೈಯಿಂದ ಸುಳ್ಳಿಗೆ ಸಹಿ ಹಾಕಿಸಿದೆ, ಇನ್ನು ಆ ಮುಖ ಹೇಗೆ ನೋಡಲಿ ಎಂದು ಓಡಿದೆ. ಸಿಟ್ಟು ಬಂತು. ಸುಳ್ಳೇಕೆ ಹೇಳಲಿ, ನಿನ್ನ ಕೋಣೆಗೆ ಹೋಗಿ ನಿನ್ನ ದಿಂಬಿಗೆ ಎರಡು ಗುದ್ದಿದೆ. ಆಮೇಲೆ ಆ ದಿಂಬನ್ನೇ ಅಪ್ಪಿಕೊಂಡು ಅತ್ತೆ. ಆಮೇಲೆ ಮುಖ ತೊಳೆದು ಬ್ಯಾಂಕಿಗೆ ಹೋದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮ್ಯಾನೇಜರು ತಲೆ ಮೇಲೆ ಕೈ ಹೊತ್ತು ಕೂತರು. "ನಿಮ್ಮ ಯಜಮಾನರ ಮುಖ ನೋಡಿ ಕೊಟ್ಟಿದ್ದಮ್ಮಾ ಈ ಸಾಲ" ಎಂದರು. ಹೋದವರ ಮುಖ ನೋಡುವ ಬದಲು ಇರುವವನ ಮುಖವನ್ನು ಒಂದು ಸಲ ನೋಡಿದ್ದರೆ ಅವನಿಗೆ ನಿದ್ದೆಯಿಲ್ಲ ಎಂದಾದರೂ ಕಾಣುತ್ತಿತ್ತಲ್ಲ ಎಂದೆ. ಅವರು ಚಹಾ ತರಿಸಿದರು.

ಈಗ ಇರುವುದು ಎರಡು ದಾರಿ. ಭಟ್ಟಿ ಉರಿಯುತ್ತಲೇ ಇರಬೇಕು ಎಂದರೆ ಈ ಮನೆಯನ್ನೂ ಅಡವಿಟ್ಟು, ನೀನೂ ನಾನೂ ಹೊಸದಾಗಿ ಜಾಮೀನು ಬರೆದುಕೊಡಬೇಕು. ಆಗ ಬ್ಯಾಂಕು ಆರು ತಿಂಗಳ ಎಣ್ಣೆಗೆ ದುಡ್ಡು ಕೊಟ್ಟು, ಸ್ಟಾಕಿನ ಮಾತನ್ನು ಎತ್ತದೆ ಬಿಡುತ್ತದೆ. ಇಲ್ಲವಾದರೆ ಆ ಸೀಸೆ ವ್ಯಾಪಾರಿಯನ್ನು ಮತ್ತೆ ಕರೆಯಬೇಕು. ಮ್ಯಾನೇಜರು ಅವನನ್ನು ಕೇಳಿಯೂ ನೋಡಿದ್ದಾರೆ. ಅವನು ಕಂಪನಿಯ ಅರ್ಧಕ್ಕಿಂತ ಹೆಚ್ಚು ಪಾಲು ಕೊಂಡು ಬ್ಯಾಂಕಿನದನ್ನೂ ಡಾಲರಿನದನ್ನೂ ತೀರಿಸುತ್ತಾನಂತೆ, ಕೆಲಸಗಾರರನ್ನು ಉಳಿಸಿಕೊಳ್ಳುತ್ತಾನಂತೆ. ಆದರೆ ಈ ದೊಡ್ಡ ಭಟ್ಟಿ ಅವನಿಗೆ ಬೇಡ. ಇದನ್ನು ಆರಿಸಿ, ಪಕ್ಕದಲ್ಲಿ ತಣ್ಣಗೆ ನಿಂತಿರುವ ಹಳೆಯದರ ಇಟ್ಟಿಗೆ ಬದಲಿಸಿ, ಸಣ್ಣದಾಗಿ ಶುರು ಮಾಡುತ್ತಾನಂತೆ. ಮೂರು ವರ್ಷದ ಹಿಂದೆ ನೀನು ಹೇಳಿದ ಲೆಕ್ಕವೇ! ಅಡವಿನ ಪತ್ರ ನನ್ನ ಮುಂದೆಯೇ ಇದೆ, ಪೆನ್ಸಿಲಿನ ಗುರುತೂ ಇದೆ, ನಿನ್ನದಕ್ಕೊಂದು ನನ್ನದಕ್ಕೊಂದು. ಶುಕ್ರವಾರದೊಳಗೆ ಉತ್ತರ ಹೇಳಬೇಕು. ಮೇಸ್ತ್ರಿ ದಿನಾ ಬೆಳಿಗ್ಗೆ ಬಂದು "ಎಣ್ಣೆ ಮುಗೀತಾ ಬಂತಮ್ಮಾ" ಎಂದು ಹೇಳಿ, ಆ ಕುರ್ಚಿಯ ಕಡೆ ಒಂದು ಸಲ ನೋಡಿ ಹೋಗುತ್ತಾನೆ. ನಾನೂ ನೋಡುತ್ತೇನೆ. ಕೆಲವು ಮಧ್ಯಾಹ್ನ ಆ ಕುರ್ಚಿಯಲ್ಲಿ ಯಾರೋ ಮುಂದಕ್ಕೆ ಬಾಗಿ ಕೂತಿದ್ದಾರೆ, ನಾನು ಉಸಿರೆತ್ತುವುದನ್ನೇ ಕಾಯುತ್ತಿದ್ದಾರೆ ಅನ್ನಿಸುತ್ತದೆ. ನೀನು ಬಂದು ಸಹಿ ಹಾಕುತ್ತೀಯೋ, ಬೇಡ ಎನ್ನುತ್ತೀಯೋ, ಅದನ್ನು ಕೇಳುವುದಕ್ಕೇ ಕೂತೆ. ಕೇಳಲು ಹೋಗಿ ಇಷ್ಟುದ್ದ ಆಯಿತು.

ಅಕ್ಕನಿಗೂ ಭಾವನಿಗೂ ನನ್ನ ನೆನಪು ಹೇಳು. ಮಕ್ಕಳನ್ನು ನಿನ್ನ ಬೇಸರಕ್ಕೆ ಗದರಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಹೊಟ್ಟೆ ತಣ್ಣಗಿರಲಿ, ದೇವರು ನಿನ್ನ ತಲೆ ಕಾಯಲಿ ಎಂದು ದಿನಾ ಬೇಡಿಕೊಳ್ಳುವ,

ನಿನ್ನ ಅಮ್ಮ

ತಾಜಾ ಕಲಂ: ಲಕೋಟೆ ಅಂಟಿಸಿರಲಿಲ್ಲ, ಒಳ್ಳೆಯದೇ ಆಯಿತು. ಇದು ಹನ್ನೆರಡನೇ ತಾರೀಖು, ಸಂಜೆ. ಅಕ್ಕನ ಊರಿಗೆ ಹೋಗುವ ಲಾರಿಯವನು ಗೇಟಿನಲ್ಲಿ ಹಾರನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅಡವಿನ ಪತ್ರ ಇದರೊಳಗೆ ಇಟ್ಟಿಲ್ಲ, ಹುಡುಕಬೇಡ. ಬೆಳಿಗ್ಗೆ ಮೇಸ್ತ್ರಿ ಬಂದಾಗ ನಾನು ಎದ್ದು ಹೋಗಿ ನಿಮ್ಮಪ್ಪನ ಕುರ್ಚಿಯಲ್ಲಿ ಕೂತೆ. ಒಂದು ಕಾಲು ಗಿಡ್ಡ ಅದಕ್ಕೆ, ಇಷ್ಟು ವರ್ಷ ಯಾರಿಗೂ ಗೊತ್ತಿರಲಿಲ್ಲ. ಅವರ ಷೇರೆಲ್ಲ ನನ್ನ ಹೆಸರಿಗೇ ಇದೆಯಲ್ಲ, ಪೆನ್ಸಿಲಿನ ಗುರುತಿಲ್ಲದೆ ನಾನೇ ಬರೆದು ಸಹಿ ಮಾಡಿಕೊಟ್ಟೆ: ಭಟ್ಟಿ ಆರಿಸಿ. ಮೇಸ್ತ್ರಿ ಅತ್ತ. ಆಮೇಲೆ ಅಡಿಯ ತೂತು ತೆಗೆದು ಕೆಂಡದಂಥ ಗಾಜನ್ನೆಲ್ಲ ನೀರಿನ ಹೊಂಡಕ್ಕೆ ಬಿಟ್ಟರು, ಪ್ಯಾಕಿಂಗಿನ ಹೆಂಗಸರೆಲ್ಲ ಹೊರಗೆ ನಿಂತು ನೋಡಿದರು. ನಾಲ್ಕು ಗಂಟೆಯ ಸುಮಾರಿಗೆ ಸದ್ದು ನಿಂತಿತು. ಇಟ್ಟಿಗೆ ತಣ್ಣಗಾಗುವಾಗ ಆಗೊಮ್ಮೆ ಈಗೊಮ್ಮೆ ಟಕ್ ಎನ್ನುತ್ತದೆ, ಅಷ್ಟೇ. ಕಪಾಟಿನ ಲೋಟಗಳು ಸುಮ್ಮನಿವೆ. ನನಗೆ ಹೆದರಿಕೆಯಾಯಿತು ಕಣೋ, ನಿನ್ನ ಹೆಂಡತಿ ಬಂದು ಕೈ ಹಿಡಿದುಕೊಂಡು ಕೂತಳು. ನಾವಿಬ್ಬರೂ ಕಾದೆವು, ಯಾರೂ ಬಂದು ಏನೂ ಅನ್ನಲಿಲ್ಲ. ಪಟ್ಟಿಯ ಮೇಲಿನ ಸಹಿ ನನ್ನದು, ಅದಕ್ಕೆ ಉತ್ತರ ಹೇಳುವವಳೂ ನಾನೇ. ಆ ಸೀಸೆ ವ್ಯಾಪಾರಿಗೆ ಒಪ್ಪಿಗೆ ಹೇಳಿ ಕಳಿಸಿದ್ದೇನೆ. ಅವನಿಂದ ಲೆಕ್ಕ ತೀರಿದರೆ ದೂರು ಕೊಡುವುದಿಲ್ಲ ಎಂದು ಮ್ಯಾನೇಜರು ಹೇಳಿದ್ದಾರೆ, ಕೊಟ್ಟರೂ ನೋಡಿಕೊಳ್ಳುತ್ತೇನೆ. ನೀನು ಬಿಟ್ಟುಬಿಡಪ್ಪಾ. ಕೈ ಸುಡುತ್ತಿದ್ದರೆ ಬಿಟ್ಟುಬಿಡು ಎಂದು ಆವತ್ತೇ ನಿನಗೆ ಯಾರಾದರೂ ಹೇಳಬೇಕಿತ್ತು. ಫ್ಯಾನು ಆರಿಸಿ, ಈ ಲಾರಿಯಲ್ಲೇ ವಾಪಸ್ಸು ಬಾ. ನಿನ್ನ ಹಾಸಿಗೆ ಹಾಸಿಟ್ಟಿದ್ದೇನೆ.